ಕಾಲಿನ ನೀಲಿ ಗೆರೆಗಳು: ಅಳಿಸುವ ಮೊದಲು ಮೂಲ ನೋಡಿ

(ಪ್ರೌಢಶಾಲಾ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ಬರೆದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ದಿನಕ್ಕೆ ಐದಾರು ಪೀರಿಯಡ್ ನಿಂತೇ ಪಾಠ ಮಾಡುವವರ ಮುಂದೆ ಕಾಲಿನ ರಕ್ತನಾಳಗಳ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಸೀರೆಯ ನೆರಿಗೆಯ ಹಿಂದೆ, ಪ್ಯಾಂಟಿನ ಒಳಗೆ ಮರೆಯಾಗಿರುವ ಕಾರಣಕ್ಕೋ ಏನೋ, ಮಂಡಿನೋವು ಸೊಂಟನೋವುಗಳ ಬಗ್ಗೆ ಸ್ಟಾಫ್ ರೂಮಿನಲ್ಲಿ ನಡೆಯುವಷ್ಟು ಮಾತು ಇದರ ಬಗ್ಗೆ ನಡೆಯುವುದಿಲ್ಲ. ಹಾಗಾಗಿ ಇವತ್ತು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರಕ್ತನಾಳದ ವೈದ್ಯರ ಬಳಿ ಈ ತೊಂದರೆಗೆ ಬರುವವರಲ್ಲಿ ಎರಡು ಬಗೆಯವರನ್ನು ಮತ್ತೆ ಮತ್ತೆ ಕಾಣುತ್ತೇವೆ. ಒಬ್ಬರು ತೊಡೆಯ ಹೊರಮಗ್ಗುಲಲ್ಲಿ ನಾಲ್ಕು ಸಣ್ಣ ನೀಲಿ ಗೆರೆ ಕಂಡು ನಿದ್ದೆಗೆಟ್ಟವರು. ‘ಡಾಕ್ಟ್ರೇ, ನರ ಒಡೆದುಹೋಗಿದೆ, ಲಕ್ವ ಹೊಡೆಯುತ್ತಾ?’ ಎಂದು ಕೇಳುತ್ತಾರೆ. ಇನ್ನೊಬ್ಬರು ಪಾದದ ಕೀಲಿನ ಮೇಲೆ ಚರ್ಮ ಕಪ್ಪಾಗಿ, ಗಟ್ಟಿಯಾಗಿ, ಕೊನೆಗೆ ಹುಣ್ಣಾಗುವ ತನಕ ಇಸುಬು ಅಂದುಕೊಂಡು ಮುಲಾಮು ಹಚ್ಚುತ್ತಾ ಇದ್ದವರು. ಮೊದಲನೆಯವರಿಗೆ ಚಿಕಿತ್ಸೆಯೇ ಬೇಡದಿರಬಹುದು. ಎರಡನೆಯವರು ಎಷ್ಟೋ ವರ್ಷ ಮೊದಲೇ ಬರಬೇಕಿತ್ತು. ಇಬ್ಬರ ಕಾಲಿನಲ್ಲೂ ಮೇಲುನೋಟಕ್ಕೆ ಕಾಣುವುದು ಅಂಥದ್ದೇ ಸಣ್ಣ ಗೆರೆಗಳಾಗಿರಬಹುದು. ಗೆರೆ ಮಾಯ ಮಾಡುವುದು ಹೇಗೆ ಎಂದು ಕೇಳುವ ಮೊದಲು, ಆ ಗೆರೆಗೆ ರಕ್ತ ಎಲ್ಲಿಂದ ಬರುತ್ತಿದೆ ಎಂದು ಕೇಳಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇದು. ಉಳಿದದ್ದೆಲ್ಲ ಇದರ ವಿವರ.

ಜೇಡರ ಬಲೆಯ ಹಾಗೆ ಹರಡಿಕೊಳ್ಳುವ, 1 ಮಿಲಿಮೀಟರಿಗಿಂತ ತೆಳುವಾದ ಕೆಂಪು ಅಥವಾ ನೀಲಿ ನಾಳಗಳಿಗೆ ಸ್ಪೈಡರ್ ವೇನ್ ಎನ್ನುತ್ತೇವೆ. ಅದಕ್ಕಿಂತ ತುಸು ಆಳದಲ್ಲಿ, 1ರಿಂದ 3 ಮಿಲಿಮೀಟರ್ ದಪ್ಪದ, ಹಸಿರು ಮಿಶ್ರಿತ ನೀಲಿ ಬಣ್ಣದಲ್ಲಿ ಕಾಣುವವು ರೆಟಿಕ್ಯುಲರ್ ವೇನ್. ನಿಂತಾಗ 3 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ದಪ್ಪವಿದ್ದು, ಡೊಂಕುಡೊಂಕಾಗಿ ಉಬ್ಬಿ ನಿಲ್ಲುವವು ನಿಮಗೆಲ್ಲ ಗೊತ್ತಿರುವ ವೆರಿಕೋಸ್ ವೇನ್. ಕಾಲಿನ ಅಭಿಧಮನಿಗಳ ತೊಂದರೆಯನ್ನು ಹಂತಗಳಾಗಿ ವಿಂಗಡಿಸುವ ಸಿಇಎಪಿ ಎಂಬ ಅಂತರರಾಷ್ಟ್ರೀಯ ವರ್ಗೀಕರಣ 1994ರಲ್ಲಿ ರೂಪುಗೊಂಡಿತು, 2020ರಲ್ಲಿ ಕೊನೆಯ ಬಾರಿ ಪರಿಷ್ಕರಣೆಯಾಯಿತು. ಅದರಲ್ಲಿ ಸ್ಪೈಡರ್ ವೇನ್ ಮತ್ತು ರೆಟಿಕ್ಯುಲರ್ ವೇನ್ ಎರಡೂ ಸಿ1 ಹಂತ, ವೆರಿಕೋಸ್ ಸಿ2. ಬಾವು ಬಂದರೆ ಸಿ3, ಚರ್ಮ ಕೆಟ್ಟರೆ ಸಿ4, ಮಾಗಿದ ಹುಣ್ಣು ಸಿ5, ತೆರೆದ ಹುಣ್ಣು ಸಿ6. ಸಿ1ರಲ್ಲಿ ಇದ್ದವರೆಲ್ಲ ಒಂದೊಂದೇ ಮೆಟ್ಟಿಲು ಹತ್ತಿ ಸಿ6ಕ್ಕೆ ಹೋಗುತ್ತಾರೆ ಎಂದು ದಯವಿಟ್ಟು ತಿಳಿಯಬೇಡಿ. ಬಹಳ ಜನ ಸಿ1ರಲ್ಲೇ ಇದ್ದು ಬಾಳು ಮುಗಿಸುತ್ತಾರೆ.

ಎಷ್ಟು ಸಾಮಾನ್ಯ ಇದು? ಸ್ಕಾಟ್‌ಲೆಂಡಿನ ಎಡಿನ್‌ಬರೊದಲ್ಲಿ 18ರಿಂದ 64 ವಯಸ್ಸಿನ ಸುಮಾರು 1,500 ಜನರ ಕಾಲುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 1990ರ ದಶಕದಲ್ಲಿ ನಡೆಯಿತು. ನೂರಕ್ಕೆ 80ಕ್ಕೂ ಹೆಚ್ಚು ಮಂದಿಯಲ್ಲಿ ಇಂಥ ಸಣ್ಣ ನಾಳಗಳು ಕಂಡವು. ದೊಡ್ಡ ವೆರಿಕೋಸ್ ನಾಳಗಳು ಹೆಂಗಸರಿಗಿಂತ ಗಂಡಸರಲ್ಲೇ ಜಾಸ್ತಿ ಇದ್ದವು: ಗಂಡಸರಲ್ಲಿ ನೂರಕ್ಕೆ 40, ಹೆಂಗಸರಲ್ಲಿ 32. ಇದು ಹೆಂಗಸರ ಕಾಯಿಲೆ ಎಂದುಕೊಂಡು ಹಿಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರುಗಳೂ ಗಮನವಿಟ್ಟು ಕೇಳಲಿ ಎಂದು ಇದನ್ನು ಹೇಳಿದೆ. ಆ ಊರಿನವರ ತಿಳಿಬಣ್ಣದ ಚರ್ಮದಲ್ಲಿ ಎದ್ದು ಕಾಣುವ ಗೆರೆ ನಮ್ಮ ಕಂದು ಚರ್ಮದಲ್ಲಿ ಅಷ್ಟು ಕಾಣುವುದಿಲ್ಲ. ಅದರಿಂದ ಒಂದು ಅನುಕೂಲ, ಒಂದು ಅಪಾಯ. ಅಪಾಯದ ಮಾತು ಮುಂದೆ ಬರುತ್ತದೆ.

ಈಗ ಕಾಲಿನ ಒಳಗೆ ಏನು ನಡೆಯುತ್ತದೆ ನೋಡೋಣ. ಹೃದಯ ಒತ್ತಿ ಕಳಿಸಿದ ರಕ್ತ ಅಪಧಮನಿಗಳಲ್ಲಿ ಪಾದಕ್ಕೆ ಇಳಿಯುವುದು ಕಷ್ಟವಲ್ಲ. ಅದೇ ರಕ್ತ ಅಭಿಧಮನಿಗಳ ಮೂಲಕ ನೆಲದಿಂದ ಎದೆಯ ಎತ್ತರಕ್ಕೆ ಮರಳಿ ಹತ್ತಬೇಕು. ಅಲುಗಾಡದೆ ನಿಂತ ಮನುಷ್ಯನ ಪಾದದ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸ, ಅಂದರೆ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಅದೇ ಅಳತೆ. ಹೃದಯದಿಂದ ಪಾದದವರೆಗೆ ನಿಂತ ರಕ್ತದ ಕಂಬದ ಭಾರ ಅದು. ಅದೇ ಮನುಷ್ಯ ನಾಲ್ಕಾರು ಹೆಜ್ಜೆ ನಡೆದರೆ ಒತ್ತಡ 30ಕ್ಕಿಂತ ಕೆಳಗೆ ಬೀಳುತ್ತದೆ. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಬಿಗಿಯುತ್ತದೆ, ಒಳಗಿನ ಆಳದ ಅಭಿಧಮನಿಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ಸ್ನಾಯು ಸಡಿಲಾದಾಗ ಆ ರಕ್ತ ಕೆಳಗೆ ಬೀಳದಂತೆ ನಾಳದೊಳಗಿನ ಕವಾಟಗಳು ತಡೆಯುತ್ತವೆ. ನಡೆದು ನಿಂತ ಮೇಲೆ ಆರೋಗ್ಯವಂತ ಕಾಲಿನ ನಾಳಗಳು ಮತ್ತೆ ತುಂಬಿಕೊಳ್ಳಲು 20 ಸೆಕೆಂಡಿಗಿಂತ ಹೆಚ್ಚು ಬೇಕು. ಕವಾಟ ಕೆಟ್ಟ ಕಾಲಿನಲ್ಲಿ ಅಷ್ಟು ಹೊತ್ತು ಹಿಡಿಯುವುದಿಲ್ಲ, ರಕ್ತ ಮೇಲಿನಿಂದಲೇ ಇಳಿದು ತುಂಬಿಬಿಡುತ್ತದೆ.

ಕವಾಟ ಇದೆ ಎನ್ನುವುದನ್ನು ಇಲ್ಲೇ ಕೂತು ನೋಡಬಹುದು. ಎಡಗೈ ಕೆಳಗೆ ಇಳಿಬಿಡಿ. ಮುಂದೋಳಿನಲ್ಲಿ ಒಂದು ಅಭಿಧಮನಿ ಉಬ್ಬಿ ಕಾಣುತ್ತದೆ. ಮಣಿಕಟ್ಟಿನ ಕಡೆಗೆ ಅದನ್ನು ಬಲಗೈಯ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಒತ್ತಿದ ಬೆರಳು ತೆಗೆಯದೆ, ತೋರುಬೆರಳಿನಿಂದ ಅದೇ ನಾಳವನ್ನು ಮೊಣಕೈ ಕಡೆಗೆ ಸವರುತ್ತಾ ಹೋಗಿ, ರಕ್ತವನ್ನು ಮೇಲಕ್ಕೆ ದೂಡಿ, ತೋರುಬೆರಳು ಎತ್ತಿಬಿಡಿ. ಮೇಲಿನಿಂದ ರಕ್ತ ಒಂದು ಜಾಗದವರೆಗೆ ಮರಳಿ ಬಂದು ಅಲ್ಲೇ ನಿಲ್ಲುತ್ತದೆ. ಆ ಜಾಗದಿಂದ ಕೆಳಗೆ ನಾಳ ಖಾಲಿ. ರಕ್ತ ನಿಂತ ಜಾಗವೇ ಕವಾಟ. ಈಗ ಹೆಬ್ಬೆರಳು ಎತ್ತಿ, ಕೆಳಗಿನಿಂದ ಕ್ಷಣಮಾತ್ರದಲ್ಲಿ ತುಂಬಿಕೊಳ್ಳುತ್ತದೆ. ಇಟಲಿಯ ಪಡುವಾದಲ್ಲಿ ಫ್ಯಾಬ್ರಿಷಿಯಸ್ ಎಂಬ ಅಂಗರಚನಾ ಶಾಸ್ತ್ರಜ್ಞ ಈ ಕವಾಟಗಳನ್ನು 1603ರಲ್ಲಿ ಚಿತ್ರಸಹಿತ ವಿವರಿಸಿದ್ದ. ಆತನ ಬಳಿ ಕಲಿತ ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ, ರಕ್ತ ದೇಹದಲ್ಲಿ ಸುತ್ತುತ್ತಲೇ ಇರುತ್ತದೆ ಎಂದು ಸಾಧಿಸಲು ನೀವು ಈಗ ಮಾಡಿದ ಪ್ರಯೋಗವನ್ನೇ ಬಳಸಿಕೊಂಡ. ವಿಜ್ಞಾನದ ಮೇಡಂಗಳು ಹತ್ತನೇ ತರಗತಿಯ ಮಕ್ಕಳ ಕೈಯಲ್ಲೂ ಇದನ್ನು ಮಾಡಿಸಿ. ಯಾವ ಉಪಕರಣವೂ ಬೇಡ.

ಕಾಲಿನಲ್ಲಿ ಈ ಕವಾಟಗಳು ಸಡಿಲಾಗಲು ಹಲವು ಕಾರಣ ಸೇರುತ್ತವೆ. ಅಪ್ಪ ಅಮ್ಮನಿಂದ ಬಂದ ನಾಳದ ಗುಣ ಎಲ್ಲಕ್ಕಿಂತ ದೊಡ್ಡದು. ವಯಸ್ಸು, ಬೊಜ್ಜು, ಹಿಂದೆ ಬಿದ್ದ ಪೆಟ್ಟು, ಹಾರ್ಮೋನು ಇವೂ ಸೇರುತ್ತವೆ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಹೆಚ್ಚುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನು ನಾಳದ ಗೋಡೆಯನ್ನು ಸಡಿಲಿಸುತ್ತದೆ, ಬೆಳೆಯುವ ಗರ್ಭಕೋಶ ಕಿಬ್ಬೊಟ್ಟೆಯ ನಾಳಗಳನ್ನು ಒತ್ತುತ್ತದೆ. ಆಗ ಕಾಣಿಸಿಕೊಂಡ ಗೆರೆಗಳಲ್ಲಿ ಬಹಳಷ್ಟು ಹೆರಿಗೆಯಾಗಿ ಕೆಲವು ತಿಂಗಳಲ್ಲಿ ತಾವಾಗಿ ಮಾಸುತ್ತವೆ.

ನಿಂತು ಮಾಡುವ ಕೆಲಸದ ಬಗ್ಗೆ ಸ್ವಲ್ಪ ನಿಂತು ಮಾತಾಡುತ್ತೇನೆ. ಸೀರೆ ಅಂಗಡಿಯ ಸೇಲ್ಸ್ ಹುಡುಗಿಯರು, ಹೋಟೆಲಿನ ಅಡುಗೆಯವರು, ಸಪ್ಲೈಯರ್‌ಗಳು, ಕ್ಷೌರಿಕರು, ಟ್ರಾಫಿಕ್ ಪೊಲೀಸರು, ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಚೆಕಿಂಗ್, ಇಸ್ತ್ರಿ ವಿಭಾಗದ ಹೆಂಗಸರು, ನರ್ಸ್‌ಗಳು, ನೀವು. ತೊಂದರೆ ಕೊಡುವುದು ಬರೀ ನಿಲುವಲ್ಲ, ಅಲುಗದ ನಿಲುವು. ಮೀನಖಂಡ ಕೆಲಸ ಮಾಡದೆ ಗಂಟೆಗಟ್ಟಲೆ ಆ 90ರ ಒತ್ತಡ ಪಾದದ ಸಣ್ಣ ನಾಳಗಳ ಮೇಲೆ ಕೂತಿರುತ್ತದೆ. ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನೇ ಹೇಳಿತ್ತು. ಆದರೆ ಅಂಗಡಿಗಳು ಆ ಕಾಯ್ದೆಗೆ ಬರುತ್ತಿರಲಿಲ್ಲ. ಕೇರಳದಲ್ಲಿ ಜವಳಿ ಅಂಗಡಿಯ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕು ಸಿಕ್ಕಿತು. 2021ರಲ್ಲಿ ತಮಿಳುನಾಡು ಅಂಥದೇ ಕಾನೂನು ಮಾಡಿತು. ಗಿರಾಕಿ ಇಲ್ಲದ ಹೊತ್ತಲ್ಲಿ ಒಂದು ಸ್ಟೂಲಿನ ಮೇಲೆ ಕೂರುವುದಕ್ಕೆ ಕಾನೂನು ಬೇಕಾಯಿತು ಎನ್ನುವುದು ವೈದ್ಯನಾಗಿ ನನಗೆ ನೋವಿನ ಸಂಗತಿ. ನಿಮಗೆ ತರಗತಿಯಲ್ಲಿ ಒಂದು ಅನುಕೂಲವಿದೆ: ಬೋರ್ಡಿನ ಮುಂದೆಯೇ ನಿಲ್ಲಬೇಕಾಗಿಲ್ಲ, ಬೆಂಚುಗಳ ನಡುವೆ ಓಡಾಡುತ್ತಾ ಪಾಠ ಮಾಡಬಹುದು. ನಿಲ್ಲಲೇಬೇಕಾದಾಗ ಮಧ್ಯೆ ಮಧ್ಯೆ ಹಿಮ್ಮಡಿ ಎತ್ತಿ ಇಳಿಸಿ. ಮನೆಗೆ ಹೋಗಿ ಅಡುಗೆಮನೆಗೆ ನುಗ್ಗುವ ಮೊದಲು ಕಾಲು ಗಂಟೆ, ಕಾಲುಗಳನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟು ಮಲಗಿ. ಇರುವ ಗೆರೆ ಇದರಿಂದ ಅಳಿಯುವುದಿಲ್ಲ. ಸಂಜೆಯ ಭಾರ, ಜೋಮು, ಬಾವು ಇಳಿಯುತ್ತದೆ.

ಸರಿ, ಒಬ್ಬರ ಕಾಲಿನಲ್ಲಿ ಗೆರೆ ಇದೆ. ನಾವು ಏನು ನೋಡುತ್ತೇವೆ? ಮೊದಲು, ಎಲ್ಲಿದೆ ಎಂದು. ತೊಡೆಯ ಹೊರಮಗ್ಗುಲಲ್ಲಿ, ಮೊಣಕಾಲಿನ ಪಕ್ಕದಲ್ಲಿ ಚದುರಿದಂತೆ ಇದ್ದು, ಬಾವಿಲ್ಲ, ದಪ್ಪ ನಾಳ ಇಲ್ಲ ಅಂದರೆ ಆತಂಕ ಬೇಡ. ಪಾದದ ಕೀಲಿನ ಒಳಮಗ್ಗುಲಲ್ಲಿ, ಪಾದದ ಅಂಚಿಗೆ ಹರಡಿಕೊಂಡು ಬೀಸಣಿಗೆಯ ಆಕಾರದಲ್ಲಿ ನೀಲಿ ಗೆರೆಗಳು ಗುಂಪಾಗಿದ್ದರೆ ಅದು ಬೇರೆಯೇ ಮಾತು. ಮೇಲಿನ ದೊಡ್ಡ ಅಭಿಧಮನಿಯ ಕವಾಟಗಳು ಸೋತಿರುವ ಗುರುತು ಅದು. 2020ರ ಪರಿಷ್ಕರಣೆಯಲ್ಲಿ ಇದನ್ನು ಸಿ1ರಲ್ಲಿ ಬಿಡದೆ, ಚರ್ಮ ಕೆಟ್ಟವರ ಜೊತೆ ಸಿ4ಕ್ಕೆ ಸೇರಿಸಿದ್ದಾರೆ. ಗೆರೆಯ ದಪ್ಪ ಅದೇ. ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ.

ಕಂದು ಚರ್ಮದ ಅಪಾಯ ಎಂದೆನಲ್ಲ, ಅದು ಇಲ್ಲಿದೆ. ನಮ್ಮವರಲ್ಲಿ ಈ ಬೀಸಣಿಗೆ ಸ್ಪಷ್ಟವಾಗಿ ಕಾಣದೆ, ಬರೀ ಚರ್ಮ ಕಪ್ಪಾಗಿದೆ ಅನ್ನಿಸುತ್ತದೆ. ತುರಿಕೆ ಇರುತ್ತದೆ. ಗಜಕರ್ಣವೋ ಇಸುಬೋ ಎಂದು ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತರುತ್ತಾರೆ. ಹಚ್ಚಿದಾಗ ತುರಿಕೆ ಕಡಿಮೆಯಾಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಹೀಗೇ ವರ್ಷಗಳು ಕಳೆಯುತ್ತವೆ. ಅಷ್ಟರಲ್ಲಿ ಹೆಚ್ಚಿದ ಒತ್ತಡಕ್ಕೆ ರಕ್ತಕಣಗಳು ನಾಳದಿಂದ ಜಿನುಗಿ, ಅವುಗಳ ಕಬ್ಬಿಣ ಚರ್ಮದಲ್ಲಿ ಉಳಿದು, ಕೊಬ್ಬಿನ ಪದರ ಗಟ್ಟಿಯಾಗಿರುತ್ತದೆ. ಮುಂದೆ ಒಂದು ಸಣ್ಣ ಗೀರು ಸಾಕು, ತಿಂಗಳುಗಟ್ಟಲೆ ಮಾಗದ ಹುಣ್ಣಾಗಲು. ಕಾಲಿನ ಕೆಳಭಾಗದಲ್ಲಿ ಕಪ್ಪಾಗಿ ತುರಿಸುವ ಚರ್ಮ, ಅದರ ಜೊತೆಗೆ ಸಂಜೆಯ ಬಾವು ಇದ್ದರೆ, ಚರ್ಮಕ್ಕೆ ಮದ್ದು ಹಚ್ಚುವುದರ ಜೊತೆಗೆ ರಕ್ತನಾಳವನ್ನೂ ನೋಡಿಸಲೇಬೇಕು.

ನೋಡಿಸುವುದು ಅಂದರೆ ಡಾಪ್ಲರ್ ಸ್ಕ್ಯಾನ್, ಶಬ್ದತರಂಗದಿಂದ ನಾಳದೊಳಗಿನ ರಕ್ತದ ಹರಿವು ನೋಡುವ ಪರೀಕ್ಷೆ. ನೋವಿಲ್ಲ, ವಿಕಿರಣವಿಲ್ಲ. ಒಂದು ಮಾತು ನೆನಪಿಡಿ: ಕವಾಟ ನೋಡುವ ಡಾಪ್ಲರನ್ನು ರೋಗಿಯನ್ನು ಎದ್ದು ನಿಲ್ಲಿಸಿ ಮಾಡಬೇಕು. ಮಲಗಿದವರ ಕಾಲಿನಲ್ಲಿ ರಕ್ತ ಕೆಳಗೆ ಬೀಳುವುದು ಸರಿಯಾಗಿ ತಿಳಿಯುವುದಿಲ್ಲ. ಮೀನಖಂಡವನ್ನು ಹಿಂಡಿ ಬಿಟ್ಟಾಗ, ಚರ್ಮದಡಿಯ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಸೋತಿದೆ ಎಂದು ಲೆಕ್ಕ. ಮುಖ್ಯವಾಗಿ ನೋಡುವುದು ಪಾದದ ಒಳಮಗ್ಗುಲಿನಿಂದ ತೊಡೆಸಂದಿನವರೆಗೆ ಹೋಗುವ ಗ್ರೇಟ್ ಸಫೀನಸ್ ಮತ್ತು ಮೀನಖಂಡದ ಹಿಂದೆ ಹೋಗುವ ಸ್ಮಾಲ್ ಸಫೀನಸ್ ನಾಳಗಳನ್ನು. ತೊಡೆಯ ನಾಲ್ಕು ಗೆರೆಗೆಲ್ಲ ಡಾಪ್ಲರ್ ಬೇಕೆಂದಿಲ್ಲ. ಬಾವು, ಭಾರ, ದಪ್ಪ ನಾಳ, ಕೀಲಿನ ಹತ್ತಿರದ ಗೆರೆ, ಚರ್ಮದ ಬಣ್ಣ ಬದಲಾಗಿರುವುದು, ಇವುಗಳಲ್ಲಿ ಯಾವುದಿದ್ದರೂ ಬೇಕು.

ಗೆರೆಯ ಗುಂಪಿನ ಬುಡದಲ್ಲಿ ಎಷ್ಟೋ ಸಲ ಒಂದು ರೆಟಿಕ್ಯುಲರ್ ನಾಳ ಇರುತ್ತದೆ, ಅದರ ಹಿಂದೆ ಕೆಲವೊಮ್ಮೆ ಸೋತ ಸಫೀನಸ್ ಇರುತ್ತದೆ. ಕೆರೆಯ ತೂಬು ತೆರೆದೇ ಇಟ್ಟು ಗದ್ದೆಯ ನೀರು ಬಸಿಯಲು ಹೊರಟರೆ ಏನಾಗುತ್ತದೆ ಎಂದು ರೈತರ ಮನೆಯಿಂದ ಬಂದವರಿಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ಮೊದಲು ಸಫೀನಸ್, ಆಮೇಲೆ ರೆಟಿಕ್ಯುಲರ್, ಕೊನೆಗೆ ಸ್ಪೈಡರ್, ಈ ಕ್ರಮ. ಮೇಲಿನದನ್ನು ಬಿಟ್ಟು ನೇರವಾಗಿ ಗೆರೆಗೆ ಸೂಜಿ ಹಾಕಿಸಿಕೊಂಡು, ‘ಮತ್ತೆ ಬಂತು, ದುಡ್ಡು ದಂಡ’ ಎಂದು ಬೇಸರಪಡುವವರು ಬಹಳ. ಸಫೀನಸ್ ಸೋತಿದ್ದರೆ ಲೇಸರ್ ಇಲ್ಲವೇ ರೇಡಿಯೋ ತರಂಗದ ಶಾಖದಿಂದ ಒಳಗಿನಿಂದಲೇ ಅದನ್ನು ಮುಚ್ಚುವುದು ಈಗಿನ ಮೊದಲ ಆಯ್ಕೆ. ಬ್ರಿಟನ್ನಿನ ಮಾರ್ಗಸೂಚಿ 2013ರಿಂದಲೇ ಹಾಗೆ ಹೇಳುತ್ತಿದೆ. ನಾಳ ಕಿತ್ತು ತೆಗೆಯುವ ಹಳೆಯ ಆಪರೇಷನ್ ಹಿಂದಕ್ಕೆ ಸರಿದಿದೆ.

ಆ ಆಪರೇಷನ್ನಿನ ಕಥೆ ಬಹಳ ಹಳೆಯದು. ರೋಮಿನ ದಂಡನಾಯಕ ಗಾಯಸ್ ಮಾರಿಯಸ್ ತನ್ನನ್ನು ಕಟ್ಟಿಹಾಕಬೇಡಿ ಎಂದು ಹೇಳಿ, ಒಂದು ಕಾಲಿನ ವೆರಿಕೋಸ್ ನಾಳಗಳನ್ನು ತುಟಿಪಿಟಕ್ಕೆನ್ನದೆ ಕೊಯ್ಯಿಸಿಕೊಂಡ. ವೈದ್ಯ ಇನ್ನೊಂದು ಕಾಲಿಗೆ ಕೈ ಹಾಕಿದಾಗ ಬೇಡವೆಂದ. ಆಗುವ ಗುಣ ಪಡುವ ನೋವಿಗೆ ಸಮನಲ್ಲ ಎಂಬುದು ಅವನ ಕಾರಣ ಎಂದು ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ಇವತ್ತಿನ ಚಿಕಿತ್ಸೆಯಲ್ಲಿ ಆ ನೋವಿಲ್ಲ, ಆದರೆ ಮಾರಿಯಸ್ ಹಾಕಿದ ಲೆಕ್ಕವನ್ನು ಸ್ಪೈಡರ್ ವೇನ್ ಇರುವ ಪ್ರತಿಯೊಬ್ಬರೂ ಹಾಕಬೇಕು. ಮೂಲದಲ್ಲಿ ತೊಂದರೆ ಇಲ್ಲದ ಬರೀ ಗೆರೆಗೆ ಚಿಕಿತ್ಸೆ ನಿಮ್ಮ ಆಯ್ಕೆ ಮಾತ್ರ. ಬೇಕೆನ್ನಿಸಿದರೆ ಮಾಡಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಬೇಡವೆನ್ನಿಸಿದರೆ ಬಿಡಿ, ಅಪಾಯವೇನೂ ಇಲ್ಲ.

ಕಾಲಿನ ಗೆರೆಗೆ ಇವತ್ತಿಗೂ ಉತ್ತಮ ಚಿಕಿತ್ಸೆ ಸ್ಕ್ಲೆರೋಥೆರಪಿ, ಅಂದರೆ ಸೂಜಿಯಲ್ಲಿ ಔಷಧಿ ಹಾಕಿ ನಾಳ ಮುಚ್ಚುವುದು. ಕೂದಲೆಳೆಯಷ್ಟು ಸಣ್ಣ ಸೂಜಿ, ಒಂದು ಜಾಗಕ್ಕೆ ಕೆಲವೇ ಹನಿ ಔಷಧಿ. ಸೂಜಿ ಹೊಕ್ಕ ಕೂಡಲೇ ಗೆರೆ ಬಿಳುಪಾಗಿ ಮಾಯವಾಗುವುದು ಕಾಣುತ್ತದೆ. ಅದನ್ನು ನೋಡಿ ಮುಗಿಯಿತು ಎಂದುಕೊಳ್ಳಬೇಡಿ. ಔಷಧಿ ನಾಳದ ಒಳಪದರವನ್ನು ಸುಡುತ್ತದೆ, ಗೋಡೆಗಳು ಊದಿ ಒಂದಕ್ಕೊಂದು ಅಂಟುತ್ತವೆ, ಆಮೇಲೆ ದೇಹ ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಮೊದಲ ಕೆಲವು ವಾರ ಗೆರೆ ಮೊದಲಿಗಿಂತ ಕಪ್ಪಾಗಿ ಕಾಣುವುದೂ ಉಂಟು. ಸಾಮಾನ್ಯವಾಗಿ ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಸಲ ಹಾಕಿಸಬೇಕಾಗುತ್ತದೆ.

ಔಷಧಿಗಳಲ್ಲಿ ಎರಡು ಮುಖ್ಯ. ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ 1940ರ ದಶಕದಿಂದ ಬಳಕೆಯಲ್ಲಿದೆ. ಪಾಲಿಡೋಕನಾಲ್ ಹುಟ್ಟಿದ್ದು ಸ್ಥಳೀಯ ಅರಿವಳಿಕೆಯಾಗಿ, ಹಾಗಾಗಿ ಉರಿ ಕಡಿಮೆ. ಯುರೋಪಿನಲ್ಲಿ ಬಹಳ ಹಿಂದಿನಿಂದ ಬಳಸುತ್ತಿದ್ದ ಇದಕ್ಕೆ ಅಮೆರಿಕದ ಅನುಮತಿ ಸಿಕ್ಕಿದ್ದು 2010ರಲ್ಲಿ. ಸ್ಪೈಡರ್ ವೇನಿಗೆ ನೂರು ಭಾಗದಲ್ಲಿ ಅರ್ಧ ಭಾಗ, ಅಂದರೆ ಶೇಕಡಾ 0.5ರಷ್ಟು ಸಾಂದ್ರತೆ ಸಾಕು. ಗಟ್ಟಿ ಔಷಧಿ ಹಾಕಿದರೆ ಬೇಗ ಗುಣ ಎಂಬುದು ತಪ್ಪು. ಸಣ್ಣ ನಾಳಕ್ಕೆ ಗಟ್ಟಿ ಔಷಧಿ ಹೋದರೆ ಚರ್ಮ ಸುಟ್ಟು ಹುಣ್ಣಾಗಬಹುದು. ಗಾಢ ಉಪ್ಪುನೀರನ್ನೂ ಬಳಸುವುದಿದೆ. ಅದಕ್ಕೆ ಅಲರ್ಜಿಯ ಭಯವಿಲ್ಲ, ಆದರೆ ಉರಿ ಜಾಸ್ತಿ, ಹೊರಗೆ ಸೋರಿದರೆ ಹುಣ್ಣಿನ ಅಪಾಯವೂ ಜಾಸ್ತಿ. ದೊಡ್ಡ ನಾಳಕ್ಕೆ ಔಷಧಿಯನ್ನು ನೊರೆ ಮಾಡಿ ಹಾಕುತ್ತಾರೆ. ಎರಡು ಸಿರಿಂಜುಗಳ ನಡುವೆ ಒಂದು ಕೊಳಾಯಿ ಜೋಡಿಸಿ, ಔಷಧಿ ಮತ್ತು ಗಾಳಿಯನ್ನು ಅತ್ತಿಂದಿತ್ತ ದೂಡಿ ನೊರೆ ಬರಿಸುವ ಸರಳ ಉಪಾಯವನ್ನು ಇಟಲಿಯ ವೈದ್ಯ ಲೊರೆಂಜೊ ಟೆಸ್ಸಾರಿ 2000ದಲ್ಲಿ ಪ್ರಕಟಿಸಿದರು. ನೊರೆ ರಕ್ತದಲ್ಲಿ ಬೆರೆತು ತೆಳುವಾಗದೆ ರಕ್ತವನ್ನೇ ಪಕ್ಕಕ್ಕೆ ತಳ್ಳಿ ಗೋಡೆಗೆ ಅಂಟುವುದರಿಂದ ಕಡಿಮೆ ಔಷಧಿಯಲ್ಲಿ ಕೆಲಸವಾಗುತ್ತದೆ. ಸ್ಪೈಡರ್ ವೇನಿಗೆ ನೊರೆಯ ಅಗತ್ಯವಿಲ್ಲ.

ಚಿಕಿತ್ಸೆಗೆ ಒಪ್ಪುವ ಮೊದಲು ನಿಮಗೆ ಗೊತ್ತಿರಲೇಬೇಕಾದದ್ದು ಕಂದು ಕಲೆ. ಮುಚ್ಚಿದ ನಾಳದ ರಕ್ತದಲ್ಲಿನ ಕಬ್ಬಿಣ ಚರ್ಮದಲ್ಲಿ ಇಳಿದು, ಗೆರೆ ಇದ್ದಲ್ಲೇ ಕಂದು ಗೆರೆ ಮೂಡುತ್ತದೆ. ಹತ್ತು ಜನರಲ್ಲಿ ಒಬ್ಬರಿಂದ ಮೂವರಿಗೆ ಇದು ಆಗುತ್ತದೆ. ಬಹುಪಾಲು ಮಂದಿಯಲ್ಲಿ ಒಂದು ವರ್ಷದೊಳಗೆ ತಿಳಿಯಾಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಚಿಕಿತ್ಸೆಯಾದ ಕೆಲವು ವಾರಗಳಿಗೆ ನಾಳದೊಳಗೆ ಹೆಪ್ಪುಗಟ್ಟಿದ ರಕ್ತ ಗಂಟಾಗಿ ಸಿಕ್ಕರೆ, ಸಣ್ಣ ಸೂಜಿಯಿಂದ ಅದನ್ನು ಹೊರತೆಗೆಸಿಕೊಳ್ಳಿ, ಕಲೆ ಕಡಿಮೆಯಾಗುತ್ತದೆ. ಇನ್ನೊಂದು, ಚಿಕಿತ್ಸೆ ಮಾಡಿದ ಜಾಗದ ಸುತ್ತ ಇನ್ನೂ ಸಣ್ಣ ಕೆಂಪು ಜಾಲ ಹೊಸದಾಗಿ ಹುಟ್ಟುವುದು. ಇದೂ ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಮಾಸುತ್ತದೆ. ಮಾಸದಿದ್ದರೆ ಬುಡದಲ್ಲಿ ರಕ್ತ ಒದಗಿಸುವ ನಾಳ ಒಂದು ಉಳಿದಿದೆಯೇ ಎಂದು ಮತ್ತೆ ಹುಡುಕಬೇಕು. ಮುಂದಿನ ತಿಂಗಳು ಮಗಳ ಮದುವೆ, ಅಷ್ಟರಲ್ಲಿ ತೆಗೆದುಬಿಡಿ ಎಂದು ಬರುವವರಿಗೆ ಈಗ ಬೇಡ ಎಂದೇ ನಾನು ಹೇಳುವುದು. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ, ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರಿಗೆ ಇದನ್ನು ಮಾಡುವುದಿಲ್ಲ.

ಲೇಸರ್ ಬಗ್ಗೆ ಜಾಹೀರಾತುಗಳನ್ನು ನೋಡಿರುತ್ತೀರಿ. ಒಂದು ಬಣ್ಣದ ಬೆಳಕನ್ನು ಸರಿಯಾದ ಅವಧಿಗೆ ಹಾಯಿಸಿದರೆ, ಆ ಬೆಳಕನ್ನು ಹೀರುವ ವಸ್ತು ಮಾತ್ರ ಬಿಸಿಯಾಗಿ ಸುತ್ತಲಿನ ಚರ್ಮ ಉಳಿಯುತ್ತದೆ. ಈ ತತ್ವವನ್ನು ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಮಂಡಿಸಿದರು. ರಕ್ತದ ಹಿಮೊಗ್ಲೋಬಿನ್ ಬೆಳಕನ್ನು ಹೀರುತ್ತದೆ, ಸರಿ. ಆದರೆ ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಹೀರುತ್ತದೆ. ತಿಳಿಚರ್ಮದವರಿಗೆ ಹೊಂದುವ 532 ನ್ಯಾನೋಮೀಟರ್ ತರಂಗದೂರದ ಬೆಳಕು ಕಂದು ಚರ್ಮದಲ್ಲಿ ಮೇಲ್ಪದರವನ್ನೇ ಸುಟ್ಟು, ಕಪ್ಪು ಅಥವಾ ಬಿಳಿ ಮಚ್ಚೆ ಉಳಿಸಬಹುದು. 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರನ್ನು ಮೆಲನಿನ್ ಕಡಿಮೆ ಹೀರುತ್ತದೆ, ಅದು ಆಳಕ್ಕೂ ಇಳಿಯುತ್ತದೆ. ನಮಗೆ ಲೇಸರ್ ಬೇಕೇ ಬೇಕಾದರೆ ಅದು. ಯಂತ್ರ ಯಾವುದು, ತರಂಗದೂರ ಎಷ್ಟು, ನಡೆಸುವವರು ವೈದ್ಯರೇ ಎಂದು ಕೇಳಿ. ಕೇಳಿದರೆ ಸಿಟ್ಟಾಗುವ ಜಾಗದಿಂದ ಎದ್ದು ಬನ್ನಿ. ಬ್ಯೂಟಿ ಪಾರ್ಲರಿನಲ್ಲಿ ಈ ಕೆಲಸ ಬೇಡವೇ ಬೇಡ. ಕಾಲಿಗೆ ನನ್ನ ಮೊದಲ ಆಯ್ಕೆ ಸೂಜಿಯೇ.

ಮುಖಕ್ಕೆ ಮಾತ್ರ ಇದು ತಿರುವುಮುರುವು, ಅಲ್ಲಿ ಲೇಸರ್ ಮೇಲು. ಮೂಗಿನ ಪಕ್ಕದ ಅಭಿಧಮನಿಗಳಿಗೆ ಕಣ್ಣಿನ, ಮಿದುಳಿನ ನಾಳಗಳ ಜೊತೆ ಸಂಪರ್ಕ ಇರುವುದರಿಂದ ಅಲ್ಲಿ ಔಷಧಿ ಚುಚ್ಚಲು ಹಿಂಜರಿಯುತ್ತೇವೆ. ನಮ್ಮ ದೇಶದಲ್ಲಿ ಕೆನ್ನೆಯ ಮೇಲೆ ಕೆಂಪು ಗೆರೆ ಮೂಡಲು ಒಂದು ದೊಡ್ಡ ಕಾರಣ, ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚುವ ಸ್ಟಿರಾಯ್ಡ್ ಕ್ರೀಮು. ಬೀಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಸೋನ್, ಈ ಹೆಸರುಗಳನ್ನು ಟ್ಯೂಬಿನ ಮೇಲೆ ಓದಿ. ಚರ್ಮ ತೆಳುವಾಗಿ, ಒಳಗಿನ ನಾಳಗಳು ಹಿಗ್ಗಿ ಹೊರಗೆ ಕಾಣುತ್ತವೆ. ಬಿಸಿಲಿಗೆ ಹೋದರೆ ಉರಿ, ಬಿಟ್ಟರೆ ಮೊಡವೆ, ಹಾಗಾಗಿ ಮತ್ತೆ ಅದನ್ನೇ ಹಚ್ಚುತ್ತಾರೆ. ಚರ್ಮವೈದ್ಯರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಆದೇಶ ಮಾಡಿತು. ಆದರೂ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ ಎನ್ನುವುದು ನಿಮಗೂ ಗೊತ್ತು. ನಿಮ್ಮ ಹೈಸ್ಕೂಲ್ ಹುಡುಗಿಯರಿಗೆ ಈ ಮಾತು ಹೇಳಿ. ಅವರಿಗೆ ವೈದ್ಯರ ಮಾತಿಗಿಂತ ಟೀಚರ ಮಾತು ಬೇಗ ತಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು.

‘ನಾಳ ಮುಚ್ಚಿಬಿಟ್ಟರೆ ಆ ರಕ್ತ ಎಲ್ಲಿಗೆ ಹೋಗುತ್ತದೆ ಸಾರ್?’

ಕಾಲಿನಿಂದ ಮರಳುವ ರಕ್ತದಲ್ಲಿ ನೂರಕ್ಕೆ ಸುಮಾರು 90 ಭಾಗ ಸ್ನಾಯುಗಳ ನಡುವಿನ ಆಳದ ಅಭಿಧಮನಿಗಳಲ್ಲೇ ಹೋಗುತ್ತದೆ. ಸ್ಪೈಡರ್ ವೇನ್ ಮುಚ್ಚಿದರೆ ನಷ್ಟವಿಲ್ಲ. ಸೋತ ಸಫೀನಸ್ ಮುಚ್ಚಿದರೆ ಲಾಭವೇ, ಕೆಳಗೆ ಬೀಳುತ್ತಿದ್ದ ರಕ್ತ ಸರಿಯಾದ ದಾರಿ ಹಿಡಿಯುತ್ತದೆ. ಆದರೆ ಆರೋಗ್ಯವಾಗಿರುವ ಸಫೀನಸ್ ಅನ್ನು ಯಾರಾದರೂ ಮುಚ್ಚೋಣ ಎಂದರೆ ಒಪ್ಪಬೇಡಿ. ಹೃದಯದ ಬೈಪಾಸ್ ಆಪರೇಷನ್ನಿಗೆ ಶಸ್ತ್ರಚಿಕಿತ್ಸಕರು ಮುಂದೆ ಕೇಳುವುದು ಆ ನಾಳವನ್ನೇ.

‘ಕಾಲ ಮೇಲೆ ಕಾಲು ಹಾಕಿ ಕೂತರೆ ಬರುತ್ತದೆ ಅಂತಾರೆ.’

ಅದಕ್ಕೆ ಆಧಾರವಿಲ್ಲ. ಚಕ್ಕಳಮಕ್ಕಳ ಹಾಕಿ ಕೂರುವುದಕ್ಕೂ ಹೆದರಬೇಡಿ. ಹೇಗೆ ಕೂತರೂ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

‘ಎಣ್ಣೆ ತಿಕ್ಕಿದರೆ? ಕ್ರೀಮು, ಮಾತ್ರೆ?’

ಮೆತ್ತಗೆ ಎಣ್ಣೆ ಸವರಿದರೆ ತಪ್ಪಿಲ್ಲ, ಗೆರೆ ಮಾತ್ರ ಹೋಗುವುದಿಲ್ಲ. ಯಾವ ಕ್ರೀಮಿನಿಂದಲೂ ಹೋಗುವುದಿಲ್ಲ. ಡಯಾಸ್ಮಿನ್‌ನಂಥ ಮಾತ್ರೆಗಳು ಭಾರ, ಬಾವು ತಗ್ಗಿಸಬಲ್ಲವು, ಗೆರೆ ಅಳಿಸಲಾರವು. ಒಂದೇ ಕಾಲು ದಿಢೀರನೆ ಊದಿ ನೋಯುತ್ತಿದ್ದರೆ ಮಾತ್ರ ತಿಕ್ಕಲೇಬಾರದು. ಆಳದ ನಾಳದಲ್ಲಿ ಹೆಪ್ಪು ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರಾಟದ ತೊಂದರೆ ಇದ್ದರೆ ಒಂದು ಕ್ಷಣವೂ ಕಾಯಬೇಡಿ.

‘ಬಿಗಿ ಕಾಲುಚೀಲ ಹಾಕಲೇಬೇಕಾ? ನಮ್ಮ ಬಿಸಿಲಿಗೆ ಆಗಲ್ಲ.’

ಬಿಸಿಲನಾಡಿನಲ್ಲಿ ಕಷ್ಟವೇ, ಒಪ್ಪುತ್ತೇನೆ. ಹೆಚ್ಚಿನವರಿಗೆ ಮೊಣಕಾಲಿನ ಕೆಳಗಿನದು ಸಾಕು. ಬೆಳಿಗ್ಗೆ ಹಾಸಿಗೆ ಬಿಟ್ಟೇಳುವ ಮೊದಲು ಹಾಕಿ, ಮಲಗುವಾಗ ತೆಗೆಯಿರಿ. ಪಾದದ ಕೀಲಿನಲ್ಲಿ ಬಿಗಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಇರುವ ಅಳತೆಯ ಚೀಲವೇ ಬೇಕು. ಕಾಲು ಅಳತೆ ಮಾಡಿಸದೆ ಕೊಂಡದ್ದು ಮೇಲ್ಭಾಗದಲ್ಲಿ ಬಿಗಿದರೆ ಉಪಕಾರಕ್ಕಿಂತ ಅಪಕಾರ. ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ಮೊದಲು ಪಾದದ ನಾಡಿ ನೋಡಿಸಿಕೊಳ್ಳಿ. ಅಪಧಮನಿಯಲ್ಲೇ ರಕ್ತ ಕಡಿಮೆ ಇದ್ದರೆ ಬಿಗಿ ಚೀಲ ಕಾಲಿಗೇ ಅಪಾಯ.

‘ಮಗಳಿಗೆ ಹೆರಿಗೆಯಾಗಿ ಎರಡು ತಿಂಗಳು. ಕಾಲೆಲ್ಲ ಗೆರೆ ಆಗಿದೆ, ಈಗಲೇ ತೋರಿಸಲಾ?’

ಬಾವು, ನೋವು ಇದ್ದರೆ ಈಗಲೇ ತೋರಿಸಿ ಅಮ್ಮ. ಬರೀ ಗೆರೆಯಾದರೆ ಕಾಯಿರಿ. ಹಾಲು ಬಿಡಿಸುವ ಹೊತ್ತಿಗೆ ಎಷ್ಟು ಉಳಿಯುತ್ತದೋ ಅಷ್ಟಕ್ಕೆ ಮಾತ್ರ ಯೋಚನೆ ಮಾಡಿದರಾಯಿತು. ಇನ್ನೊಂದು ಮಗು ಬೇಕೆಂದಿದ್ದರೆ ಅದೂ ಆದ ಮೇಲೆ ಮಾಡಿಸುವುದೇ ಜಾಣತನ.

‘ನಮ್ಮ ತಾಯಿಗೆ ಸ್ನಾನ ಮಾಡುವಾಗ ಕಾಲಿನ ಗೆರೆಯಿಂದ ರಕ್ತ ಚಿಮ್ಮಿಬಿಟ್ಟಿತು. ಮೊಣಕಾಲಿನ ಹತ್ತಿರ ಬಟ್ಟೆ ಬಿಗಿದು ಕಟ್ಟಿದೆವು. ಸರಿಯಾ?’

ಇದನ್ನು ಎಲ್ಲರೂ ಕೇಳಿಸಿಕೊಳ್ಳಿ. ಕೀಲಿನ ಹತ್ತಿರ ಚರ್ಮ ತೆಳುವಾಗಿ ಉಬ್ಬಿದ ಸಣ್ಣ ನಾಳ, ಬಿಸಿನೀರು ಬಿದ್ದು ಹಿಗ್ಗಿದಾಗ ಒಡೆಯುವುದುಂಟು. ನೋವಿರುವುದಿಲ್ಲ, ರಕ್ತ ಮಾತ್ರ ಗಾಬರಿಯಾಗುವಷ್ಟು ಬರುತ್ತದೆ. ಮೇಲ್ಗಡೆ ಬಟ್ಟೆ ಕಟ್ಟಬೇಡಿ. ಹೃದಯಕ್ಕೆ ಮರಳುವ ದಾರಿ ಕಟ್ಟಿದರೆ ಒಡೆದ ಜಾಗದಲ್ಲಿ ಒತ್ತಡ ಏರಿ ರಕ್ತ ಇನ್ನಷ್ಟು ಹೋಗುತ್ತದೆ. ಇದ್ದಲ್ಲೇ ನೆಲದ ಮೇಲೆ ಮಲಗಿಸಿ, ಕಾಲನ್ನು ಗೋಡೆಗೋ ಕುರ್ಚಿಗೋ ಆನಿಸಿ ಎತ್ತರಕ್ಕಿಡಿ, ಒಗೆದ ಬಟ್ಟೆಯನ್ನು ಮಡಿಸಿ ಒಡೆದ ಜಾಗದ ಮೇಲೇ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುವೆ ಬಟ್ಟೆ ಎತ್ತಿ ನೋಡಬೇಡಿ. ಬಹುತೇಕ ಎಲ್ಲರಿಗೂ ಅಷ್ಟರಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ, ಅಥವಾ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಂತಿತು ಎಂದು ಸುಮ್ಮನಾಗಬೇಡಿ, ಒಮ್ಮೆ ಒಡೆದದ್ದು ಮತ್ತೆ ಒಡೆಯಬಹುದು. ಈ ವಾರದಲ್ಲೇ ತಾಯಿಯವರಿಗೆ ಡಾಪ್ಲರ್ ಮಾಡಿಸಿ, ನಿಲ್ಲಿಸಿ ಮಾಡಿ ಎಂದು ಹೇಳಿ ಮಾಡಿಸಿ.